ಪೆಟ್ರೋಲ್ ಏರಿದ ದಿನದ ಪಾಯಸ

ಪೆಟ್ರೋಲ್ ಏರಿದಾಗಲೆಲ್ಲ ನಮ್ಮ ಮನೆಯಲ್ಲಿ ಪಾಯಸ ಆಗುತ್ತಿತ್ತು.

ಬರೆದ ತಕ್ಷಣವೇ ಅನುಮಾನ ಬರುತ್ತಿದೆ. ಏರಿದಾಗಲೆಲ್ಲ ಆಗಿರಲಿಕ್ಕಿಲ್ಲ. ಆಗಿದ್ದರೆ ಆ ಎರಡು ಮೂರು ವರ್ಷಗಳಲ್ಲಿ ಮನೆಮಂದಿಗೆಲ್ಲ ಸಕ್ಕರೆ ಕಾಯಿಲೆ ಬಂದಿರಬೇಕಿತ್ತು. ಅಪ್ಪನಿಗೆ ಮಾತ್ರ ಬಂತು, ಅದೂ ಬೇರೆ ಕಾರಣಗಳಿಂದ. ಬಹುಶಃ ಎರಡು ಸಲ ಆಗಿರಬಹುದು. ಒಂದು ಸಲ ಆಗಿದ್ದನ್ನು ನಾನು ಖಂಡಿತ ತಿಂದಿದ್ದೇನೆ. ಶ್ಯಾವಿಗೆ ಸ್ವಲ್ಪ ಹೆಚ್ಚು ಬೆಂದಿತ್ತು. ಆ ದಿನದ ಡೈರಿಯಲ್ಲಿ ‘ಪಾಯಸ’ ಎಂಬ ಒಂದೇ ಪದವಿದೆ, ಯಾಕೆ ಎಂದಿಲ್ಲ. ನಾನು ಡೈರಿ ಬರೆಯುವುದೇ ಹೀಗೆ. ತಿಂದದ್ದು ಇರುತ್ತದೆ, ಕಾರಣ ಇರುವುದಿಲ್ಲ.

ಕಾರಣ ಭಾವ. ಅಕ್ಕನ ಗಂಡ. ಭದ್ರಾವತಿಯ ಕಾರ್ಖಾನೆಗಳಲ್ಲಿ ಕಂಟ್ರಾಕ್ಟಿನ ಮೇಲೆ ವೆಲ್ಡಿಂಗ್ ಮಾಡಿಕೊಂಡಿದ್ದವರು, ಆ ಕೆಲಸ ಕಡಿಮೆಯಾಗುತ್ತ ಬಂದ ಮೇಲೆ ಕತಾರಿಗೆ ಹೋದರು. ಎರಡು ವರ್ಷಕ್ಕೊಮ್ಮೆ ರಜೆ. ಅಕ್ಕ ಭದ್ರಾವತಿಯ ಓಲ್ಡ್ ಟೌನಿನ ಮನೆಯಲ್ಲಿ ಮಗಳೊಂದಿಗೆ ಉಳಿದಳು, ಮುಂದಿನ ಕೋಣೆಯಲ್ಲಿ ಮಷೀನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಿದ್ದಳು. ಕತಾರಿನಲ್ಲಿ ಶುಕ್ರವಾರ ರಜೆಯಾದ್ದರಿಂದ ಭಾವ ಅಂದೇ ಫೋನ್ ಮಾಡುತ್ತಿದ್ದರು. ಅವರ ಮಗಳು ಬಹಳ ದಿನ ಅಪ್ಪ ಎಂದರೆ ಫೋನಿನ ಒಂದು ಜಾತಿ ಎಂದುಕೊಂಡಿದ್ದಳು.

ಅಮ್ಮನ ತರ್ಕ ಸರಳ. ಅಳಿಯ ಇರುವುದು ಎಣ್ಣೆ ದೇಶದಲ್ಲಿ. ಎಣ್ಣೆಗೆ ರೇಟು ಬಂದಿದೆ. ಇನ್ನೇನು ಬೇಕು. ನಮ್ಮ ಊರಿನಲ್ಲಿ ‘ರೇಟು ಬಂದಿದೆ’ ಎಂಬ ಮಾತಿಗೆ ಒಂದೇ ಅರ್ಥ, ಅದು ಅಡಿಕೆಯಿಂದ ಬಂದ ಅರ್ಥ: ಯಾರೋ ಹೊಸ ಜೀಪು ತರುತ್ತಾರೆ, ಯಾರೋ ಮನೆಗೆ ಮಹಡಿ ಏರಿಸುತ್ತಾರೆ. ಅಮ್ಮ ಆ ‘ಯಾರೋ’ ಜಾಗದಲ್ಲಿ ಅಳಿಯನನ್ನು ಕೂರಿಸಿದ್ದಳು. ಶಿವಮೊಗ್ಗದ ಬಂಕ್‌ಗಳಲ್ಲಿ ಸ್ಕೂಟರಿನವರು ಸರ್ಕಾರಕ್ಕೆ ಶಾಪ ಹಾಕುತ್ತಿದ್ದ ದಿನ ನಮ್ಮ ಮನೆಯಲ್ಲಿ ತುಪ್ಪದ ವಾಸನೆ. ದೇಶದ್ರೋಹ ಎಂದರೆ ಇದೇ ಇರಬೇಕು.

ಈ ಹುಚ್ಚಿಗೆ ಶಾಸ್ತ್ರದ ಆಧಾರ ಒದಗಿಸಿದವಳು ನಾನು. ನಾನು ಅರ್ಥಶಾಸ್ತ್ರದಲ್ಲಿ ಎಂ.ಎ. ಶಿವಮೊಗ್ಗದ ಒಂದು ಖಾಸಗಿ ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಬೇಡಿಕೆಯ ರೇಖೆ ಬಲಕ್ಕೆ ಸರಿಯುವುದನ್ನು ಬೋರ್ಡಿನ ಮೇಲೆ ತೋರಿಸಿ ಹೊಟ್ಟೆ ಹೊರೆಯುತ್ತಿದ್ದೆ. ಭಾನುವಾರ ಬಸ್ಸು ಹತ್ತಿ ಭದ್ರಾವತಿಗೆ ಹೋದರೆ, ಅಕ್ಕನ ಎದುರು ಮನೆಯ ಮಾವ ಜಗಲಿಯ ಮೇಲೆ ಪೇಪರು ಹಿಡಿದು ಕಾಯುತ್ತಿರುತ್ತಿದ್ದರು. ಸಂಬಂಧದಲ್ಲಿ ಮಾವ ಅಲ್ಲ, ಬೀದಿಗೆಲ್ಲ ಮಾವ. ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಅವರಿಗೆ ಉಳಿದಿದ್ದ ಕೆಲಸ ಒಂದೇ, ಪೇಪರಿನ ಮೂಲೆಯಲ್ಲಿ ಬರುವ ಕಚ್ಚಾ ತೈಲದ ಬೆಲೆಯನ್ನು ಇಡೀ ಬೀದಿಗೆ ಕೇಳುವಂತೆ ಓದುವುದು. ಅದನ್ನು ಓದಿ ಅಕ್ಕನ ಮನೆಯ ಕಡೆ ಒಮ್ಮೆ ನೋಡುತ್ತಿದ್ದರು, ಎಣ್ಣೆ ಬಾವಿ ನಮ್ಮ ಹಿತ್ತಲಿನಲ್ಲೇ ಇದೆ ಎನ್ನುವ ಹಾಗೆ.

ಒಂದು ಭಾನುವಾರ ಮಾವ ನನ್ನನ್ನು ಕೇಳಿದರು, ಇದರಿಂದ ನಮ್ಮ ಹುಡುಗನಿಗೆ ಏನು ಸಿಗುತ್ತದೆ ಎಂದು. ನಾನು ಜಗಲಿಯ ಮೇಲೆ ಕುಳಿತು ಪಾಠ ಮಾಡಿದೆ. ಎಣ್ಣೆ ಏರಿದರೆ ಆ ಸರ್ಕಾರದ ಕೈಯಲ್ಲಿ ದುಡ್ಡು ಹರಿಯುತ್ತದೆ, ಸರ್ಕಾರ ರಸ್ತೆ, ಬಂದರು, ಗೋಪುರ ಕಟ್ಟಿಸುತ್ತದೆ, ಕಟ್ಟಲು ವೆಲ್ಡರುಗಳು ಬೇಕು, ವೆಲ್ಡರುಗಳಿಗೆ ಬೇಡಿಕೆ ಬಂದರೆ ಸಂಬಳ ಏರುತ್ತದೆ. ಒಂದು ಮಾತೂ ತಪ್ಪಲ್ಲ. ಪರೀಕ್ಷೆಯಲ್ಲಿ ಬರೆದಿದ್ದರೆ ಪೂರ್ತಿ ಅಂಕ. ಅಕ್ಕ ಬಾಗಿಲಲ್ಲಿ ನಿಂತು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಇದನ್ನೆಲ್ಲ ಕೇಳಿಸಿಕೊಂಡಳು.

ಅವಳಿಗೆ ಬೇಕಾದದ್ದು ಸಂಬಳವಲ್ಲ. ಗಂಡನ ಜೊತೆ ಒಂದು ಮನೆಯಲ್ಲಿ ಇರಬೇಕಿತ್ತು. ಕಂಪನಿ ಕೊಟ್ಟ ಕೋಣೆ ಬಿಟ್ಟು ಹೊರಗೆ ಒಂದು ಸಣ್ಣ ಮನೆ ಹಿಡಿದರೆ ಹೆಂಡತಿ ಮಗಳನ್ನು ಕರೆಸಿಕೊಳ್ಳಬಹುದು ಎಂದು ಭಾವ ಹೇಳಿ ವರ್ಷವಾಗಿತ್ತು. ಪಾಸ್‌ಪೋರ್ಟು ಆಗಿತ್ತು. ಮಷೀನು ಯಾರಿಗೆ ಕೊಡುವುದು ಎಂಬುದೂ ತೀರ್ಮಾನವಾಗಿತ್ತು. ನನ್ನ ಪಾಠದ ನಂತರ ಅವಳು ಹೊಸ ಗಿರಾಕಿಗಳ ಬಟ್ಟೆ ಹಿಡಿಯುವುದನ್ನೇ ನಿಲ್ಲಿಸಿದಳು.

ಇಲ್ಲಿ ಸ್ವಲ್ಪ ಹಿಂದೆ ಹೋಗಬೇಕು, ಅಕ್ಕನ ಮದುವೆಯ ಕಾಲಕ್ಕೆ. ತೊಂಬತ್ತರ ದಶಕದ ಕೊನೆ. ಅಡಿಕೆಗೆ ನಂಬಲಾಗದ ರೇಟು ಬಂದಿತ್ತು. ನಾವು ಶಿವಮೊಗ್ಗದ ವಿದ್ಯಾನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಅಪ್ಪ ಸರ್ಕಾರಿ ಗುಮಾಸ್ತ. ಅವನಿಗೂ ಅಡಿಕೆಗೂ ಇದ್ದ ಸಂಬಂಧ ಊಟದ ಮೇಲೆ ಬಾಯಿಗೆ ಹಾಕಿಕೊಳ್ಳುವುದಷ್ಟೇ. ಒಂದು ಬೆಳಿಗ್ಗೆ ಮನೆ ಓನರು ಬಂದು, ಅಡಿಕೆ ಎಲ್ಲಿಗೆ ಹೋಗಿದೆ ನೋಡಿದಿರಲ್ಲ, ಬಾಡಿಗೆ ಏರಿಸಬೇಕಾಗುತ್ತದೆ ಎಂದರು. ಅಪ್ಪ ಬಹಳ ವಿನಯದಿಂದ ಕೇಳಿದ, “ನಿಮಗೆ ತೋಟ ಎಲ್ಲಿ ಬರುತ್ತೆ ಸಾರ್?”

“ತೋಟ ಇಲ್ಲ,” ಎಂದರು ಓನರು. “ಆದ್ರೆ ಊರಲ್ಲಿ ದುಡ್ಡಿದೆಯಲ್ಲ.”

ಈ ಮಾತನ್ನು ನಾನು ಸ್ವಂತ ಕಿವಿಯಿಂದ ಕೇಳಿದೆನೋ ಅಪ್ಪ ಊಟಕ್ಕೆ ಕೂತಾಗಲೆಲ್ಲ ಹೇಳಿ ಹೇಳಿ ನನ್ನದಾಯಿತೋ ಗೊತ್ತಿಲ್ಲ. ನೆನಪಿನಲ್ಲಿ ಓನರು ಹಸಿರು ಸ್ವೆಟರು ಹಾಕಿದ್ದಾರೆ. ನಡುಬೇಸಿಗೆಯಲ್ಲಿ ಸ್ವೆಟರು ಯಾಕೆ ಹಾಕಿದ್ದರು ಎಂದು ನೆನಪನ್ನು ಕೇಳಿದರೆ ಅದು ಬೇರೆ ಕಡೆ ನೋಡುತ್ತದೆ. ಆದರೆ ಉಳಿದದ್ದು ನಿಜ. ಆ ವರ್ಷ ಕ್ಷೌರ ಏರಿತು, ಆಟೋ ಏರಿತು, ಎಳನೀರು ಏರಿತು. ಮನೆಗೆ ಬರುತ್ತಿದ್ದ ಪುರೋಹಿತರೂ ದಕ್ಷಿಣೆಯ ವಿಷಯದಲ್ಲಿ ಮಾರುಕಟ್ಟೆಯ ಕಡೆ ಬೊಟ್ಟು ಮಾಡಿದರು. ಅಪ್ಪನ ಸಂಬಳ ಮಾತ್ರ ಬೆಂಗಳೂರಿನಿಂದ ಬರುತ್ತಿತ್ತು, ಅಡಿಕೆಯ ಸುದ್ದಿ ಅದಕ್ಕೆ ಮುಟ್ಟಿರಲಿಲ್ಲ. ಶಿವಮೊಗ್ಗದ ಕಲ್ಯಾಣ ಮಂಟಪಗಳನ್ನೆಲ್ಲ ತೋಟದವರು ಮೊದಲೇ ಹಿಡಿದುಬಿಟ್ಟಿದ್ದರು. ಉಳಿದವುಗಳ ಬಾಡಿಗೆ ಕೇಳಿ ಅಪ್ಪ ಚಪ್ಪಲಿ ಹಾಕಿಕೊಂಡ. ಕೊನೆಗೆ ಮದುವೆ ಗಂಡಿನ ಊರಿಗೆ ಹೋಯಿತು. ಭದ್ರಾವತಿ ಕಾರ್ಖಾನೆ ಸಂಬಳದ ಮೇಲೆ ಬದುಕುವ ಊರು. ಸಂಬಳಕ್ಕೆ ರೇಟು ಬಂದಿರಲಿಲ್ಲವಾದ್ದರಿಂದ ಮಂಟಪವೂ ಹಳೆಯ ಬಾಡಿಗೆಗೇ ಸಿಕ್ಕಿತು. ಹೆಣ್ಣಿನ ಕಡೆಯವರು ಮದುವೆಗೆ ಬಸ್ಸಿನಲ್ಲಿ ಹೋದೆವು. ಅಮ್ಮ ಈಗಲೂ ಆ ಓನರನ್ನು ಕ್ಷಮಿಸಿಲ್ಲ.

ಇದು ನಮ್ಮದೇ ಮನೆಯಲ್ಲಿ ನಡೆದದ್ದು. ಆದರೂ ನಮಗೆ ಯಾರಿಗೂ ಇದು ಕತಾರಿಗೆ ಹೊಂದುವ ವಿಷಯ ಎಂದು ಅನ್ನಿಸಲಿಲ್ಲ.

ಎರಡು ಸಾವಿರದ ಏಳರಲ್ಲಿ ಎಣ್ಣೆ ಏರುತ್ತ ಹೋಯಿತು. ಭಾವ ಶುಕ್ರವಾರ ಫೋನ್ ಮಾಡಿ, ಮನೆ ಸಿಗುತ್ತಿಲ್ಲ, ಮುಂದಿನ ತಿಂಗಳು ನೋಡೋಣ ಎನ್ನುತ್ತಿದ್ದರು. ಮುಂದಿನ ತಿಂಗಳು ಎಣ್ಣೆ ಇನ್ನಷ್ಟು ಏರುತ್ತಿತ್ತು, ಮನೆ ಇನ್ನಷ್ಟು ಸಿಗುತ್ತಿರಲಿಲ್ಲ. ಕಳಿಸುವ ಹಣವೂ ಹಿಂದಿನಷ್ಟು ಇರಲಿಲ್ಲ. ಅಮ್ಮ ಪಾಯಸ ಮಾಡಿದ್ದು ಈ ಅವಧಿಯಲ್ಲೇ.

ಬ್ಲೌಸ್ ಹೊಲಿಸಲು ಬರುವವರು ಅಳತೆ ಕೊಡುವಾಗ ಸುಮ್ಮನೆ ನಿಲ್ಲುವುದಿಲ್ಲ. ಕೈ ಎತ್ತಿದರೆ ಬಾಯಿಯೂ ತೆರೆಯುತ್ತದೆ. ಯಾರದೋ ನಾದಿನಿಯ ಗಂಡ ಆ ಕಡೆಯ ದೇಶವೊಂದರಲ್ಲಿ ಇನ್ನೊಂದು ಮನೆ ಮಾಡಿದ್ದ ಕಥೆಯನ್ನು ಒಬ್ಬರು ಹೇಳಿದರು. ಇನ್ನೊಬ್ಬರು ಅದನ್ನೇ, ಹೆಸರು ಬದಲಿಸಿ, ಮೂರನೆಯ ಹೆಂಡತಿಯನ್ನೂ ಸೇರಿಸಿ ಹೇಳಿದರು. ಎದುರು ಮನೆಯ ಮಾವ ಗಂಡಸಾದ್ದರಿಂದ ಲೆಕ್ಕದ ಮೂಲಕ ಬಂದರು. ಎಣ್ಣೆ ಇಷ್ಟಾಗಿದೆ, ದುಡ್ಡು ಕಡಿಮೆ ಬರುತ್ತಿದೆ ಎಂದರೆ ನಡುವೆ ಎಲ್ಲೋ ಸೋರುತ್ತಿದೆ ಎಂದರು. ಸೋರುವ ಜಾಗ ಹೆಣ್ಣಾಗಿರಬಹುದು ಎಂದು ಹೇಳಲಿಲ್ಲ; ಕೆಮ್ಮಿದರು.

ಅಕ್ಕ ಯಾರ ಮುಂದೆಯೂ ಅಳುವವಳಲ್ಲ. ಒಂದು ಭಾನುವಾರ ನಾನು ಹೋದಾಗ ಹೊಲಿದ ಬ್ಲೌಸೊಂದನ್ನು ಬಿಚ್ಚುತ್ತ ಕೂತಿದ್ದಳು. ತೋಳು ತಿರುಗಾಮುರುಗ ಕೂರಿಸಿದ್ದಳಂತೆ. ಅವಳ ಕೈಯಲ್ಲಿ ಅಂಥದ್ದು ಆದದ್ದನ್ನು ನಾನು ಕಂಡಿರಲಿಲ್ಲ.

“ನೀನೇ ಅವತ್ತು ಹೇಳಿದ್ಯಲ್ಲೇ, ದುಡ್ಡು ಹರಿಯುತ್ತೆ ಅಂತ,” ಎಂದಳು. “ಅಷ್ಟು ದುಡ್ಡು ಹರಿಯೋ ಊರಲ್ಲಿ ಇವರಿಗೆ ಒಂದು ಮನೆ ಸಿಗಲ್ವಾ?”

ನಾನು ಆ ವಾರ ಗ್ರಂಥಾಲಯಕ್ಕೆ ಹೋಗಿ ಪತ್ರಿಕೆಗಳನ್ನು ಹರಡಿಕೊಂಡೆ. ಓದಿದ್ದೆಲ್ಲ ಭಾವನ ಪರವಾಗಿಯೇ ಇತ್ತು. ಎಣ್ಣೆ ಮಾರುವ ದೇಶದಲ್ಲಿ ಎಣ್ಣೆ ಬಿಟ್ಟು ಉಳಿದದ್ದೆಲ್ಲ ಹೊರಗಿನಿಂದ ಬರಬೇಕು, ಅಕ್ಕಿ, ಬೇಳೆ, ಈರುಳ್ಳಿ, ಸಿಮೆಂಟು. ಅಲ್ಲಿಯ ರಿಯಾಲನ್ನು ಡಾಲರಿಗೆ ಕಟ್ಟಿಹಾಕಿದ್ದಾರೆ; ಡಾಲರು ಕುಂಟಿದರೆ ಅದೂ ಕುಂಟುತ್ತದೆ, ಕೊಳ್ಳುವ ಸಾಮಾನು ದುಬಾರಿಯಾಗುತ್ತದೆ, ಊರಿಗೆ ಕಳಿಸಿದ ಹಣ ರೂಪಾಯಿಯಲ್ಲಿ ಕಡಿಮೆಯಾಗುತ್ತದೆ. ಗೋಪುರ ಕಟ್ಟಲು ಜಗತ್ತಿನ ಜನರೆಲ್ಲ ಬಂದು ಇಳಿಯುತ್ತಾರೆ, ಅವರಿಗೆಲ್ಲ ಮಲಗಲು ಜಾಗ ಬೇಕು, ಜಾಗ ಅಷ್ಟೇ ಇದೆ. ಪೆಟ್ರೋಲ್ ಮಾತ್ರ ನೀರಿಗಿಂತ ಅಗ್ಗ. ಆದರೆ ಬೇಳೆ ಸಾರಿಗೆ ಪೆಟ್ರೋಲ್ ಒಗ್ಗರಣೆ ಹಾಕಲು ಬರುವುದಿಲ್ಲ.

ಇದನ್ನು ಅಕ್ಕನಿಗೆ ವಿವರಿಸಿದೆ. ಅವಳು ಪೂರ್ತಿ ಕೇಳಿ, ವಕೀಲಿ ಮಾಡಲು ನಿನ್ನ ಭಾವ ನಿನಗೆ ಎಷ್ಟು ಕೊಟ್ಟಿದ್ದಾರೆ ಎಂದು ಕೇಳಿದಳು. ಮೊದಲ ಸಲ ದುಡ್ಡು ಹರಿಯುತ್ತದೆ ಎಂದಾಗ ನಂಬಿದ್ದಳು. ಈಗ ಅದೇ ದುಡ್ಡು ಅವರನ್ನು ಮುಳುಗಿಸಿದೆ ಎಂದರೆ ನಂಬಲು ಸಿದ್ಧಳಿರಲಿಲ್ಲ. ನನಗೂ ನನ್ನ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ. ಬೆಲೆಯೇರಿಕೆಗೆ ಕಾರಣ ಹುಡುಕುವುದೂ ಇನ್ನೊಂದು ಸಂಸಾರಕ್ಕೆ ನೆಪ ಹುಡುಕುವುದೂ ಗ್ರಂಥಾಲಯದಲ್ಲಿ ಕೂತಾಗ ಒಂದೇ ಥರ ಕಾಣುತ್ತಿತ್ತು.

ಮರುವರ್ಷದ ಮಳೆಗಾಲಕ್ಕೆ ಮುಂಚೆ ಭಾವ ರಜೆಗೆ ಬಂದರು. ಎಣ್ಣೆ ಆಗ ಬ್ಯಾರಲ್ಲಿಗೆ ನೂರು ಡಾಲರು ದಾಟಿ ಕೂತಿತ್ತು. ಅಮ್ಮ, ಅಪ್ಪ, ನಾನು ಭದ್ರಾವತಿಗೆ ಹೋದೆವು. ಗಲ್ಫಿನಿಂದ ಬಂದ ಪೆಟ್ಟಿಗೆ ತೆರೆಯುವುದು ಓಲ್ಡ್ ಟೌನಿನಲ್ಲಿ ಒಂದು ಪೂಜೆಯ ಥರ; ಕಂಬಳಿ, ಸೋಪು, ಖರ್ಜೂರ, ನೋವಿನ ಎಣ್ಣೆಯ ಸಣ್ಣ ಬಾಟಲು, ಯಾರಿಗೆ ಯಾವುದು ಎಂಬ ಕ್ರಮ. ಮಾವ ತಾವಾಗಿಯೇ ಬಂದು ಕುರ್ಚಿ ಎಳೆದುಕೊಂಡರು. ಈ ಸಲ ಪೆಟ್ಟಿಗೆಯಲ್ಲಿ ಇದ್ದದ್ದು ಮಗಳಿಗೊಂದು ಗೊಂಬೆ, ಒಂದು ಪೊಟ್ಟಣ ಖರ್ಜೂರ, ಭಾವನ ಬಟ್ಟೆ. ಉಳಿದಂತೆ ಖಾಲಿ. ಭಾವ ಏನೂ ಆಗಿಲ್ಲವೆಂಬಂತೆ ಖರ್ಜೂರ ಹಂಚಿದರು. ಒಬ್ಬೊಬ್ಬರಿಗೆ ಎರಡು ಬಂತು. ಮಾವ ಬೀಜವನ್ನು ಬಹಳ ಹೊತ್ತು ಚೀಪಿದರು. ಅಕ್ಕ ಖಾಲಿ ಪೆಟ್ಟಿಗೆಯನ್ನು ಮುಚ್ಚಿ ಮಂಚದ ಕೆಳಗೆ ತಳ್ಳಿದಳು. ಗೊಂಬೆಯನ್ನೂ ಸೇರಿಸಿ ತಳ್ಳಿದ್ದಾಳೆಂದು ಮಗಳು ಅತ್ತಾಗಲೇ ಗೊತ್ತಾದದ್ದು.

ರಜೆ ಮುಗಿಯುವ ವಾರ ಗಾಂಧಿ ಬಜಾರಿನಲ್ಲಿ ಸ್ವಲ್ಪ ಸಾಮಾನು ಕೊಳ್ಳಬೇಕೆಂದು ಭಾವ ಶಿವಮೊಗ್ಗಕ್ಕೆ ಬಂದರು, ಪೆಟ್ಟಿಗೆಯ ಸಮೇತ. ಅಕ್ಕ ಜೊತೆಗಿದ್ದಳು. ನನ್ನನ್ನೂ ಕರೆದರು. ಗಲ್ಫಿಗೆ ಹೋಗುವವರು ಪೆಟ್ಟಿಗೆಯನ್ನು ಹೋಲ್‌ಸೇಲ್ ಅಂಗಡಿಯ ಕಾಟಾದ ಮೇಲೆ ತೂಗಿಸಿಕೊಳ್ಳುವುದು ಆಗ ಸಾಮಾನ್ಯವಾಗಿತ್ತು. ವಿಮಾನದವರು ಹೆಚ್ಚು ತೂಕಕ್ಕೆ ಸುಲಿಯುತ್ತಾರೆ. ಮೂಟೆ ತೂಗುವ ಆ ಕಾಟಾದ ಮೇಲೆ ಪೆಟ್ಟಿಗೆ ತೆರೆದಿಟ್ಟು ಭಾವ ತುಂಬತೊಡಗಿದರು. ಅಕ್ಕಿ, ತೊಗರಿಬೇಳೆ, ಸಾರಿನ ಪುಡಿ, ಹುರಿಹಿಟ್ಟು, ಕೊಬ್ಬರಿ ಎಣ್ಣೆ. ಆಮೇಲೆ ಸೋಪು. ಡಜನ್‌ಗಟ್ಟಲೆ ಮೈ ಸೋಪು. ಯಾವ ದೇಶದ ಸೋಪನ್ನು ಅಮ್ಮ ಬೀರುವಿನ ಸೀರೆಗಳ ನಡುವೆ ಇಟ್ಟು ಎಂದೂ ಬಳಸದೆ ಕಾಪಾಡಿದ್ದಳೋ ಆ ದೇಶಕ್ಕೆ ನಮ್ಮ ಗಾಂಧಿ ಬಜಾರಿನ ಸೋಪು.

ಅಂಗಡಿಯವರು ನೋಡಿ ನೋಡಿ ತಡೆಯಲಾರದೆ ಕೇಳಿದರು. “ಅಲ್ಲ ಸಾರ್, ಗಲ್ಫಿನವರ ಪೆಟ್ಟಿಗೆ ಬರ್ತಾ ತುಂಬಿರುತ್ತೆ, ನಿಮ್ಮದು ಹೋಗ್ತಾ ತುಂಬ್ತಿದೆ. ಎಣ್ಣೆ ಬಾವಿ ಏನಾದ್ರೂ ಪಂಕ್ಚರ್ ಆಯ್ತಾ?”

ಭಾವ ನಕ್ಕರು. ಅಕ್ಕ ನಗಲಿಲ್ಲ. ಅಂಗಡಿಯವರು ಬೇರೆ ಗಿರಾಕಿಯ ಕಡೆ ತಿರುಗಿದಾಗ, ಮೆಣಸಿನಕಾಯಿ ಮೂಟೆಗಳ ಪಕ್ಕದಲ್ಲಿ ನಿಂತೇ ಕೇಳಿದಳು, ಇಡೀ ರಜೆ ಕೇಳದೆ ಇಟ್ಟುಕೊಂಡಿದ್ದನ್ನು.

“ರೀ, ಅಲ್ಲಿ ನಿಮ್ಮ ಜೊತೆ ಯಾರಾದ್ರೂ ಇದ್ದಾರಾ?”

“ಇದ್ದಾರೆ,” ಎಂದರು ಭಾವ, ಸೋಪು ಜೋಡಿಸುತ್ತ. “ಏಳು ಜನ. ಒಬ್ಬ ಗೊರಕೆ ಹೊಡೀತಾನೆ. ಈ ಸೋಪೆಲ್ಲ ಅವರಿಗೇ.”

ಆಮೇಲೆ ಹೇಳಿದರು. ಕಂಪನಿಯ ಕೋಣೆಯಲ್ಲಿ ನಾಲ್ವರಿದ್ದ ಕಡೆ ಎಂಟು ಮಂದಿಯಾಗಿದ್ದರಂತೆ. ಹೊರಗೆ ಒಂದು ಸಣ್ಣ ಮನೆಗೆ ಮಾತಾಡಿ, ಮುಂಗಡವನ್ನೂ ಕೊಟ್ಟಿದ್ದರಂತೆ. ಓನರು ಕಟ್ಟಡ ಕೆಡವುತ್ತೇನೆ ಎಂದು ಹೇಳಿ ಎಲ್ಲರನ್ನೂ ಎಬ್ಬಿಸಿದ. ಕೆಡವಲಿಲ್ಲ, ಬಣ್ಣ ಹೊಡೆಸಿ ಬೇರೆಯವರಿಗೆ ದುಪ್ಪಟ್ಟಿಗೆ ಕೊಟ್ಟ. ಕೇಳಿದರೆ, ಎಣ್ಣೆ ಎಲ್ಲಿಗೆ ಹೋಗಿದೆ ಗೊತ್ತಲ್ಲ ಎಂದ.

ಅಕ್ಕ ಬೇಳೆಯ ಚೀಲ ಹಿಡಿದುಕೊಂಡೇ ಇದ್ದಳು. “ಅವನಿಗೆ ಎಣ್ಣೆ ಬಾವಿ ಇದೆಯಾ?”

“ಅವನಿಗೆಲ್ಲಿ ಬಾವಿ ಮಾರಾಯ್ತಿ. ಬಿಲ್ಡಿಂಗ್ ಇದೆ.”

“ನಮ್ಮ ವಿದ್ಯಾನಗರದ ಓನರು,” ಎಂದಳು ಅಕ್ಕ. ಮೊದಲು ಅವಳಿಗೆ ನಗು ಬಂತು, ಆಮೇಲೆ ಬೇಳೆಯ ಚೀಲವನ್ನು ಪೆಟ್ಟಿಗೆಯ ಮೇಲಿಟ್ಟು ಸೆರಗಿನಿಂದ ಮುಖ ಒತ್ತಿಕೊಂಡಳು. ಮೆಣಸಿನಕಾಯಿ ಘಾಟು ಎಂದಳು.

ವಿದ್ಯಾನಗರದ ಮಾತನ್ನು ಆ ದಿನ ಮೊದಲು ತೆಗೆದವರು ಯಾರು ಎಂಬುದರ ಬಗ್ಗೆ ನಮ್ಮಲ್ಲಿ ಈಗಲೂ ಜಗಳವಿದೆ. ಮೇಲೆ ಅಕ್ಕನ ಬಾಯಲ್ಲಿ ಹಾಕಿದ್ದೇನೆ. ತಾವೇ ಹೇಳಿದ್ದು ಎಂದು ಭಾವ ವಾದಿಸುತ್ತಾರೆ. ನನಗೆ ಒಳಗೊಳಗೇ, ಎಂ.ಎ. ಮಾಡಿದವಳು ನಾನಲ್ಲವೇ, ನಾನೇ ಹೇಳಿರಬೇಕು ಅನ್ನಿಸುತ್ತದೆ. ಆದರೆ ಗ್ರಂಥಾಲಯದಲ್ಲಿ ವಾರವಿಡೀ ಕೂತವಳು ರಿಯಾಲು ಡಾಲರು ಎಂದು ಬಡಬಡಿಸಿದೆನೇ ಹೊರತು ಹಸಿರು ಸ್ವೆಟರು ನೆನಪಾಗಿರಲಿಲ್ಲ. ಆದ್ದರಿಂದ ಸದ್ಯಕ್ಕೆ ಅಕ್ಕನದೇ ಇರಲಿ. ನಾವೆಲ್ಲ ಭಾವನನ್ನು ತೋಟದ ಯಜಮಾನ ಎಂದುಕೊಂಡಿದ್ದೆವು. ಅವರು ಅಡಿಕೆಗೆ ರೇಟು ಬಂದ ಊರಿನಲ್ಲಿ ಸಂಬಳದ ಮೇಲೆ ಬಾಡಿಗೆ ಮನೆಯಲ್ಲಿದ್ದ ನಮ್ಮ ಅಪ್ಪನ ಥರ.

“ಫೋನಲ್ಲಿ ಒಂದು ಮಾತು ಹೇಳಬಾರದಿತ್ತಾ?” ಎಂದು ಅಕ್ಕ ಕೇಳಿದಳು. ಪೆಟ್ಟಿಗೆಯ ಒಂದು ಕಡೆಯ ಚಿಲಕ ಬೀಳುತ್ತಿರಲಿಲ್ಲ, ಭಾವ ಮಂಡಿಯೂರಿ ಒತ್ತುತ್ತಿದ್ದರು.

“ಎಂತ ಹೇಳೋದು? ಶುಕ್ರವಾರ ಫೋನ್ ಮಾಡಿದ್ರೆ ನೀನು, ಅಮ್ಮ ಪಾಯಸ ಮಾಡಿದ್ರು ಅಂತಿದ್ದೆ. ನೀವೆಲ್ಲ ತಿಂತಾ ಇದ್ರಿ. ನಡುವೆ ಬಾಯಿ ಹಾಕಕ್ಕೆ ನಾಚಿಕೆ ಆಯ್ತು.”

ತೂಕ ಹೆಚ್ಚಾಗಿತ್ತು. ಅಕ್ಕ ಪೆಟ್ಟಿಗೆ ಮತ್ತೆ ತೆರೆದು, ಭಾವನ ಎರಡು ಅಂಗಿಗಳನ್ನು ತೆಗೆದು ನನ್ನ ಕೈಗೆ ಕೊಟ್ಟು, ಒಂದು ಪೊಟ್ಟಣ ಹುರಿಹಿಟ್ಟು ಹೆಚ್ಚಿಗೆ ಇಟ್ಟಳು. ಗೊರಕೆಯವನಿಗೆ ಎಂದಳು.

ಆ ವರ್ಷದ ಕೊನೆಗೆ ಎಣ್ಣೆ ಬಿತ್ತು. ಏರಲು ವರ್ಷಗಳು ಬೇಕಾಗಿದ್ದವು, ಬೀಳಲು ಕೆಲವೇ ತಿಂಗಳು ಸಾಕಾಯಿತು. ಓಲ್ಡ್ ಟೌನಿನಲ್ಲಿ ಸೂತಕ. ಮಾವ ಬೆಲೆಯನ್ನು ಗಟ್ಟಿಯಾಗಿ ಓದುವುದನ್ನು ಬಿಟ್ಟು, ಪೇಪರು ಮಡಿಸಿ ಅಕ್ಕನ ಮನೆಗೆ ಬಂದು, ಧೈರ್ಯ ತಂದುಕೋ ಎಂದು ಹೇಳಿ ಹೋದರು. ಎರಡನೆಯ ಹೆಂಡತಿಯ ಕಥೆ ಹೇಳಿದ್ದವರೇ ಪಾಪ ಎಂದು ಚಕ್ಕುಲಿ ತಂದು ಕೊಟ್ಟರು. ಅಮ್ಮ ಅಳಿಯನ ಹೆಸರಿನಲ್ಲಿ ದೇವಸ್ಥಾನದಲ್ಲಿ ಅರ್ಚನೆ ಮಾಡಿಸಿದಳು.

ಭಾವನ ಕೆಲಸ ಉಳಿಯಿತು. ಅರ್ಧ ಕಟ್ಟಿದ್ದನ್ನು ಮುಗಿಸಲು ವೆಲ್ಡರುಗಳು ಬೇಕಿತ್ತು. ಹೊಸದಾಗಿ ಬಂದಿಳಿಯುವವರು ಕಡಿಮೆಯಾದರು, ಕೆಲವರು ಊರಿಗೆ ಮರಳಿದರು, ಕಟ್ಟಡಗಳ ಮುಂದೆ ಬಾಡಿಗೆಗೆ ಇದೆ ಎಂಬ ಬೋರ್ಡುಗಳು ಬಿದ್ದವು. ಒಂದು ಶುಕ್ರವಾರ ಭಾವ ಫೋನ್ ಮಾಡಿ, ಹಳೆಯ ಓನರು ತಾನಾಗಿಯೇ ಹುಡುಕಿಕೊಂಡು ಬಂದಿದ್ದ ಎಂದರು. ಬಣ್ಣ ಹೊಡೆಸಿದ ಮನೆ. ಬಾಡಿಗೆ ಕೈಗೆ ಎಟಕುವಂತಿತ್ತು. ಮಗಳ ಪರೀಕ್ಷೆ ಮುಗಿದ ಕೂಡಲೇ ಬನ್ನಿ.

ಅಕ್ಕ ಮಷೀನು ಕೊಟ್ಟಳು, ಬೀರುವಿಗೆ ಬೀಗ ಹಾಕಿದಳು. ಹೊರಡುವ ಹಿಂದಿನ ದಿನ ವಿದ್ಯಾನಗರಕ್ಕೆ ಬಂದು ಅಮ್ಮನಿಗೆ ಪಾಯಸ ಮಾಡಲು ಹೇಳಿದಳು. ಅಮ್ಮ ಗಾಬರಿಯಾದಳು. ಎಣ್ಣೆ ಪಾತಾಳಕ್ಕೆ ಹೋಗಿರುವಾಗ ಯಾರಾದರೂ ಪಾಯಸ ಮಾಡುತ್ತಾರೆಯೇ, ನೋಡಿದವರು ಏನೆಂದಾರು. ಅಕ್ಕ ತಾನೇ ಶ್ಯಾವಿಗೆ ಹುರಿದಳು. ಮಾವ ಭದ್ರಾವತಿಯಿಂದ ಬೀಳ್ಕೊಡಲು ಬಂದಿದ್ದರು. ಇಂಥ ಕಾಲದಲ್ಲಿ ಹೋಗುತ್ತಿದ್ದೀಯಲ್ಲಮ್ಮ ಎಂದು ಹನಿಗಣ್ಣಾಗಿ ಎರಡು ಲೋಟ ಕುಡಿದರು.

ಅವಳು ಹೋದ ಕೆಲವು ತಿಂಗಳಿಗೆ ಎಣ್ಣೆ ಮತ್ತೆ ಮೆಲ್ಲಗೆ ತಲೆ ಎತ್ತಿತು. ಪೆಟ್ರೋಲ್ ಏರಿದ ಸುದ್ದಿ ಟಿವಿಯಲ್ಲಿ ಬಂದ ಸಂಜೆಯೇ ಅಕ್ಕನ ಫೋನು ಬಂತು. ಹಿಂದೆ ಕುಕ್ಕರಿನ ಶಬ್ದ, ಮಗಳು ಅಪ್ಪನನ್ನು ಬಯ್ಯುತ್ತಿರುವ ಶಬ್ದ.

“ಅಲ್ಲಿ ರೇಟು ಏರ್ತಂತಲ್ಲೇ,” ಎಂದಳು. “ಅಮ್ಮಂಗೆ ಹೇಳು ಮಾರಾಯ್ತಿ, ದಯವಿಟ್ಟು ಪಾಯಸ ಮಾಡ್ಬೇಡ ಅಂತ. ಇಲ್ಲಿ ಓನರಿಗೆ ಕೇಳಿಸಿಬಿಡುತ್ತೆ.”

ಅಡುಗೆಮನೆಯಲ್ಲಿ ಅಮ್ಮ ಆಗಲೇ ಹಾಲು ಕಾಯಿಸಿಯಾಗಿತ್ತು. ನಾನು ಇಲ್ಲ, ಮಾಡುತ್ತಿಲ್ಲ ಎಂದೆ. ಆ ದಿನದ ಡೈರಿಯಲ್ಲಿ ಏನೂ ಬರೆದಿಲ್ಲ, ತಿಂದದ್ದನ್ನೂ.